450 ಲೀಟರ್ ರೀಫ್ ಟ್ಯಾಂಕ್‌ಗೆ ಸದ್ದು ಮಾಡದ, ನಂಬಬಹುದಾದ ರಿಟರ್ನ್ ಪಂಪ್ ಯಾವ್ದು? ಪಕ್ಕದ ರೂಮಲ್ಲಿ ಅಮ್ಮ ಮಲಗ್ತಾರೆ

ಉಪ್ಪುನೀರು_ಬೆಂಗ್ಳೂರು:

ಎಲ್ರಿಗೂ ನಮಸ್ಕಾರ. ನಮ್ಮನೆ ಹಾಲ್‌ನಲ್ಲಿ 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ರೀಫ್ ಟ್ಯಾಂಕ್ ಇದೆ, ಒಟ್ಟು ಸುಮಾರು 450 ಲೀಟರ್, ಕೆಳಗಡೆ ಪ್ಲೈವುಡ್ ಕ್ಯಾಬಿನೆಟ್ ಒಳಗೆ 3 ಅಡಿ ಸಂಪ್, ಅಂದ್ರೆ ಟ್ಯಾಂಕ್ ನೀರು ಇಳಿದು ಕ್ಲೀನ್ ಆಗೋ ತೊಟ್ಟಿ. ಜೋವಾಂಥಿಡ್, ಮಶ್ರೂಮ್ ಕೋರಲ್‌ಗಳು, ಒಂದು ದೊಡ್ಡ ಲೆದರ್ ಕೋರಲ್, ಒಂದು ಜೋಡಿ ಕ್ಲೌನ್ ಮೀನು, ಒಂದು ರಾಯಲ್ ಗ್ರಾಮಾ ಮೀನು. ಎಲ್ಲಾ ಚೆನ್ನಾಗಿವೆ, ಅದ್ರಲ್ಲಿ ತೊಂದ್ರೆ ಇಲ್ಲ.

ತೊಂದ್ರೆ ಇರೋದು ರಿಟರ್ನ್ ಪಂಪ್‌ದು, ಅಂದ್ರೆ ಸಂಪ್ ನೀರನ್ನ ವಾಪಸ್ ಮೇಲಿನ ಟ್ಯಾಂಕಿಗೆ ತಳ್ಳೋ ಪಂಪು. ಟ್ಯಾಂಕ್ ಹಿಂದಿನ ಗೋಡೆ ಆಚೆಗೇ ಅಮ್ಮನ ರೂಮು, ರಾತ್ರಿ ಫ್ಯಾನ್ ಆಫ್ ಮಾಡಿದ್ರೆ ಗುಂಯ್ ಅಂತ ಒಂದೇ ಸಮ ಕೇಳ್ಸುತ್ತೆ ಅಂತಾರೆ, ನಾನೂ ಅಲ್ಲಿ ಮಲಗಿ ನೋಡ್ದೆ, ನಿಜ. ಈಗಿರೋದು ಟ್ಯಾಂಕ್ ಜೊತೆಗೇ ಕೊಟ್ಟಿದ್ದ ಒಂದು ಎಸಿ (ಮನೆ ಕರೆಂಟಿಗೆ ನೇರ ಹಾಕೋ) ಪಂಪು, ಬಾಕ್ಸ್ ಮೇಲೆ ಗಂಟೆಗೆ 3000 ಲೀಟರ್ ಅಂತ ಇದೆ. ಇನ್ನೊಂದು ವಿಷ್ಯ ಏನಂದ್ರೆ ಕರೆಂಟ್ ಹೋಗಿ ಬಂದಾಗ ಒಂದೊಂದ್ಸಲ ಸ್ಟಾರ್ಟೇ ಆಗಲ್ಲ, ಗುರ್ರ್ ಅಂತ ಸದ್ದು ಮಾಡ್ಕೊಂಡು ಕೂತಿರುತ್ತೆ, ಪ್ಲಗ್ ತೆಗೆದು ಹಾಕಿದ್ರೆ ಮಾತ್ರ ತಿರುಗುತ್ತೆ. ಹಗಲು ಇಬ್ರೂ ಆಫೀಸಿಗೆ ಹೋಗಿರ್ತೀವಿ, ಆಗ ಹೀಗಾದ್ರೆ ಗೊತ್ತೇ ಆಗಲ್ಲ, ಅದೇ ನನಗೆ ಸದ್ದಿಗಿಂತ ದೊಡ್ಡ ಭಯ.

ಬಜೆಟ್ 15 ಸಾವಿರ, ತುಂಬಾ ಚೆನ್ನಾಗಿದ್ರೆ 20ರವರೆಗೂ ಹೋಗ್ಬಹುದು. ನಾನು ನೋಡಿರೋದು ಐಹೈಮ್ 1262, ಸಿಚೆ ಸಿಂಕ್ರಾ 3.0, ಇಲ್ಲಾ ಅಂದ್ರೆ ಜೆಬಾವೊ ಅಥವಾ ರೀಫ್ ಆಕ್ಟೋಪಸ್ ವೇರಿಯೋಸ್ ಥರದ ಡಿಸಿ (ಅಡಾಪ್ಟರ್ ಮೇಲೆ ಓಡೋ, ಕಂಟ್ರೋಲರ್‌ನಲ್ಲಿ ಸ್ಪೀಡ್ ಬದಲಾಯಿಸೋ) ಪಂಪು. ಎಸಿ ತಗೊಳ್ಲಾ ಡಿಸಿ ತಗೊಳ್ಲಾ? ಬಳಸ್ತಾ ಇರೋರು ದಯವಿಟ್ಟು ಹೇಳಿ.

ಚಾಮುಂಡಿ_ರೀಫ್:

ಮಾಡೆಲ್ ಆಮೇಲೆ ನೋಡೋಣ, ಮೊದ್ಲು ನಿಮಗೆ ಎಷ್ಟು ನೀರು ಬೇಕು ಅಂತ ಲೆಕ್ಕ ಹಾಕ್ಬಿಡಿ, ಯಾಕಂದ್ರೆ ಬೇಕಾದ್ದಕ್ಕಿಂತ ದೊಡ್ಡ ಪಂಪ್ ತಗೊಂಡ್ರೆ ಸದ್ದು, ಬಿಸಿ, ಕರೆಂಟ್ ಬಿಲ್ ಮೂರೂ ಜಾಸ್ತಿನೇ.

ಕೋರಲ್‌ಗೆ ಬೇಕಾದ ಅಲೆ ಕೊಡೋದು ಟ್ಯಾಂಕ್ ಒಳಗಿನ ವೇವ್‌ಮೇಕರ್ ಕೆಲ್ಸ. ರಿಟರ್ನ್ ಪಂಪ್ ಮಾಡಬೇಕಾದ್ದು ಇಷ್ಟೇ, ಮೇಲಿನ ನೀರು ಸಂಪ್‌ಗೆ ಬಂದು ಸ್ಕಿಮ್ಮರ್ (ಕೊಳೆಯನ್ನ ನೊರೆ ಮಾಡಿ ತೆಗೆಯೋದು) ಹಾದು ವಾಪಸ್ ಹೋಗ್ಬೇಕು. ಹಿಂದೆಲ್ಲ ಗಂಟೆಗೆ 10 ಪಟ್ಟು ತಿರುಗಿಸ್ಬೇಕು ಅಂತಿದ್ರು, ಈಗ 3ರಿಂದ 5 ಪಟ್ಟು ಇದ್ರೆ ಆರಾಮಾಗಿ ನಡೆಯುತ್ತೆ. ನಿಮ್ಮ 450 ಲೀಟರ್‌ಗೆ 5 ಪಟ್ಟು ಅಂದ್ರೆ 2250. ಆದ್ರೆ ಇದು ಟ್ಯಾಂಕಿಗೆ ನಿಜವಾಗಿ ಬಂದು ಬೀಳಬೇಕಾದ ನೀರು, ಬಾಕ್ಸ್ ಮೇಲಿನ ನಂಬರ್ ಅಲ್ಲ. ಬಾಕ್ಸ್ ಮೇಲಿರೋದು ಪಂಪು ಒಂದಿಂಚೂ ಮೇಲೆತ್ತದೆ ಇದ್ದಾಗ ಕೊಡೋ ನೀರು.

ಎತ್ತರ ಅಳೆಯೋದು ಹೇಗೆ ಅಂದ್ರೆ, ಪಂಪ್ ಕೂತಿರೋ ಜಾಗದಿಂದ ಅಲ್ಲ, ಸಂಪ್‌ನ ನೀರಿನ ಮಟ್ಟದಿಂದ ಮೇಲಿನ ಟ್ಯಾಂಕ್ ನೀರಿನ ಮಟ್ಟಕ್ಕೆ. ನಿಮ್ಮ ಸ್ಟ್ಯಾಂಡ್ 75 ಸೆಂಟಿಮೀಟರ್ ಇರ್ಬಹುದು, ಟ್ಯಾಂಕ್ 60, ಒಟ್ಟು 135, ಅದ್ರಲ್ಲಿ ಸಂಪ್ ನೀರು ನೆಲದಿಂದ 30 ಸೆಂಟಿಮೀಟರ್ ಇದೆ ಅಂದ್ಕೊಂಡ್ರೆ ಉಳಿದಿದ್ದು 105. ಇದಕ್ಕೆ ಎಲ್ಬೋ, ಬಾಲ್ ವಾಲ್ವ್, ಪೈಪ್ ಒಳಗಿನ ಉಜ್ಜಾಟ ಎಲ್ಲಾ ಸೇರಿಸ್ಬೇಕು. ಒಂದು ಎಲ್ಬೋಗೆ 1 ಅಡಿ ಅಂತ ಹಳೇ ಲೆಕ್ಕ ಇದೆ, ಪೈಪ್ ದಪ್ಪ ಇದ್ರೆ ಅಷ್ಟೆಲ್ಲ ಆಗಲ್ಲ, ಆದ್ರೂ ಸೇಫಾಗಿ 2 ಮೀಟರ್ ಅಂತ ಇಟ್ಕೊಳ್ಳಿ. ಈಗ ಪಂಪ್ ಕಂಪನಿ ಕೊಟ್ಟಿರೋ ಗ್ರಾಫ್ ತೆಗೆದು 2 ಮೀಟರ್ ಹತ್ರ ಎಷ್ಟು ಸಿಗುತ್ತೆ ನೋಡಿ. ಐಹೈಮ್ 1262 ಅಂದ್ರೆ 3400 ಲೀಟರ್, 80 ವ್ಯಾಟ್, ಎತ್ತೋ ಮಿತಿ 3.6 ಮೀಟರ್. ಸಿಂಕ್ರಾ 3.0 ಅಂದ್ರೆ 2700 ಲೀಟರ್, 45 ವ್ಯಾಟ್, ಮಿತಿ 3 ಮೀಟರ್. ಮಿತಿ ಹತ್ರ ಹೋದಷ್ಟೂ ನೀರು ಸೊರಗ್ತಾ ಹೋಗಿ ಕೊನೆಗೆ ನಿಂತೇ ಹೋಗುತ್ತೆ, ಅದಕ್ಕೇ ನಿಮ್ಮ ಎತ್ತರಕ್ಕೆ ಸಿಂಕ್ರಾ 3.0 ಸ್ವಲ್ಪ ಬಿಗಿ ಆಗ್ಬಹುದು ಅಂತ ನನ್ನ ಲೆಕ್ಕ, 3 ಪಟ್ಟು ಸಾಕು ಅಂದ್ರೆ ಮಾತ್ರ ನೋಡಿ.

ಈಗಿರೋ ಪಂಪು ಎಷ್ಟು ಕೊಡ್ತಿದೆ ಅಂತ ಇವತ್ತೇ ಅಳೆದು ನೋಡಿ. ರಿಟರ್ನ್ ನಳಿಕೆ ಬಾಯಿಗೆ ಒಂದು ತುಂಡು ಹೋಸ್ ಸಿಕ್ಕಿಸಿ, ಹೋಸ್ ಬಾಯಿ ಟ್ಯಾಂಕ್ ನೀರಿನ ಮಟ್ಟದಲ್ಲೇ ಇರೋ ಹಾಗೆ 10 ಲೀಟರ್ ಬಕೆಟ್ ಹಿಡಿದು, ಮೊಬೈಲಲ್ಲಿ ಸ್ಟಾಪ್‌ವಾಚ್ ಹಾಕಿ. 18 ಸೆಕೆಂಡಲ್ಲಿ ತುಂಬಿದ್ರೆ ಗಂಟೆಗೆ 2000.

ಹುಬ್ಬಳ್ಳಿ_ಹವಳ:

ಕರೆಂಟಿನ ಮಾತ ನಾ ಹೇಳ್ತೀನ್ರಿ, ನಮ್ಮ ಕಡೆ ಹೋಗೂದು ಬರೂದು ಭಾಳ. ನಿಮ್ಮ ಪಂಪ್ ಗುರ್ರ್ ಅಂತ ಕುಂದರ್ತೈತಿ ಅಂದ್ರ ಒಳಗ ರೋಟರ್ ಸುತ್ತ ಸುಣ್ಣ ಕಟ್ಟೈತ್ರಿ. ಎಸಿ ಪಂಪಿನಾಗ ರೋಟರ್ ಒಂದು ಆಯಸ್ಕಾಂತ, ಅದು ಸ್ಟಾರ್ಟ್ ಆಗೂ ಮುಂದ ಹಿಂದ ಮುಂದ ಒಂದ್ಸ್ವಲ್ಪ ಅಲ್ಲಾಡಿ ಆಮ್ಯಾಲೆ ಜೋರ ಹಿಡೀತೈತಿ. ತಿರಗ್ತಿರೂಮಟ ಸುಣ್ಣ ಕಟ್ಟಿದ್ರೂ ನಡೀತೈತಿ, ಒಮ್ಮೆ ನಿಂತ್ರ ಮುಗೀತು, ಅಲ್ಲಾಡಾಕ ಜಾಗಾ ಇರೂದಿಲ್ಲ, ಹಂಗ ಭಾಳ ಹೊತ್ತ ಬಿಟ್ರ ಕಾಯಿಲ್ ಸುಡತೈತಿ. ಅದಕ ಪಂಪ್ ಕೆಟ್ಟೈತಿ ಅನ್ನೂಕಿಂತ ಮೊದಲ ಬಿಚ್ಚಿ ನೋಡ್ರಿ. ಪ್ಲಗ್ ತಗದು, ಮುಂದಿನ ಮುಚ್ಚಳ ತಿರುವಿ, ರೋಟರ್ ಎಳದು ಬಿಳೇ ವಿನಿಗರ್ ಅರ್ಧ, ನೀರು ಅರ್ಧ ಮಾಡಿದ್ರಾಗ ಎರಡು ಮೂರು ತಾಸು ಬಿಡ್ರಿ, ಇಲ್ಲಂದ್ರ ಸಿಟ್ರಿಕ್ ಆಸಿಡ್ ಪುಡಿ ಕಲಸಿದ ನೀರಾಗ. ಹಲ್ಲುಜ್ಜೂ ಬ್ರಷ್ಲೆ ತಿಕ್ಕಿದ್ರ ಬಿಳೇ ಪೊರೆ ಎಲ್ಲಾ ಬರ್ತೈತಿ. 3-4 ತಿಂಗಳಿಗೊಮ್ಮೆ ಇದ ಮಾಡಾಕಬೇಕ್ರಿ, ಕೋರಲ್‌ಗೆ ಕಾಲ್ಕ್ (ಸುಣ್ಣದ ನೀರು) ಹಾಕೋರು ಇನ್ನೂ ಜಲ್ದಿ.

ಬಿಚ್ಚಿದಾಗ ಶಾಫ್ಟ್ ನೋಡ್ರಿ. ಬಿಳೇ ಸೆರಾಮಿಕ್ ಇದ್ರ ಚಲೋ. ಸ್ಟೀಲಿಂದ ಇದ್ದು ಕಂದು ಚುಕ್ಕಿ ಬಿದ್ದಿದ್ರ ಆ ಪಂಪ್ ರೀಫಿಗೆ ಬ್ಯಾಡ್ರಿ, ಉಪ್ಪುನೀರು ಸ್ಟೀಲ್ ತಿಂತೈತಿ, ಕೋರಲ್‌ಗೆ, ಸಿಗಡಿಗೆ ಲೋಹ ಆಗಿ ಬರೂದಿಲ್ಲ.

ಇನ್ನ ಎರಡನೇ ಮಾತು, ನಿಮ್ಮ ಮನಿ ಯುಪಿಎಸ್ ಯಾವ್ದೈತಿ? ಸ್ಕ್ವೇರ್ ವೇವ್ ಇದ್ರ ಎಸಿ ಪಂಪ್ ಅದರ ಮ್ಯಾಲೆ ಕೆಟ್ಟ ಸದ್ದ ಮಾಡ್ತೈತಿ, ಬಿಸಿನೂ ಆಗ್ತೈತಿ. ಪ್ಯೂರ್ ಸೈನ್ ವೇವ್ ಇದ್ರ ಚಿಂತಿಲ್ಲ. ಡಿಸಿ ಪಂಪಿಗೆ ಅಡಾಪ್ಟರ್ ಇರೂದರಿಂದ ಅದಕ ಆ ಫರಕ ಅಷ್ಟ ತಟ್ಟೂದಿಲ್ಲ. ನಾ ಅಂತೂ ಹಳೇ ಐಹೈಮ್ ಇಟ್ಕೊಂಡೀನಿ, ವರ್ಷಾನಗಟ್ಟಲೆ ನಡದೈತಿ, ಇಂಪೆಲ್ಲರ್ (ನೀರ ತಳ್ಳೂ ರೆಕ್ಕಿ) ಒಂದು ಸ್ಪೇರ್ ಡಬ್ಬಿನಾಗ ಐತಿ. ನಂಬಿಕಿ ಅಂದ್ರ ನನಗ ಅದರಿ, ಇವತ್ತು ಕೆಟ್ರ ನಾಳೆ ಬಿಡಿ ಭಾಗ ಕೈಯಾಗ ಇರಬೇಕು.

ಕುಡ್ಲದ_ಕಡಲು:

ಪಂಪಿನ ಸದ್ದು ಅಂತ ನಾವು ಹೇಳುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ಪಂಪಿನದ್ದೇ ಅಲ್ಲ ಮಾರಾಯ್ರೆ. ಜನ ಏನು ಮಾಡ್ತಾರೆ ಅಂದ್ರೆ ಪಂಪ್ ಆಫ್ ಮಾಡ್ತಾರೆ, ಮನೆ ಸೈಲೆಂಟ್ ಆಗ್ತದೆ, ಅಲ್ಲಿಗೆ ಪಂಪೇ ಕಳ್ಳ ಅಂತ ತೀರ್ಮಾನ. ಆದ್ರೆ ಪಂಪ್ ನಿಂತ ಕೂಡ್ಲೇ ಓವರ್‌ಫ್ಲೋದಿಂದ, ಅಂದ್ರೆ ಟ್ಯಾಂಕಿನ ಮೇಲಿನ ಅಂಚಿನ ಡ್ರೈನಿಂದ, ಸಂಪಿಗೆ ನೀರು ಇಳಿಯುವುದೂ ನಿಲ್ತದಲ್ಲ? ಪೈಪಲ್ಲಿ ಗುಳುಗುಳು ಸದ್ದು, ಸಂಪಿಗೆ ನೀರು ಬೀಳುವ ಸದ್ದು, ಪೈಪಿನ ನಡುಕ, ಎಲ್ಲ ಒಟ್ಟಿಗೇ ನಿಂತಿತು. ಯಾವುದು ಯಾವುದರದ್ದು ಅಂತ ಹೇಗೆ ಗೊತ್ತಾಗ್ಬೇಕು?

ಹಾಗಾಗಿ ಹೊಸ ಪಂಪಿಗೆ ದುಡ್ಡು ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಈಗಿನ ಪಂಪನ್ನು ಪೈಪಿಂದ ಬಿಚ್ಚಿ, ದೊಡ್ಡ ಬಕೆಟಲ್ಲಿ ಉಪ್ಪುನೀರು ತುಂಬಿಸಿ, ಅದ್ರೊಳಗೆ ಒಂದು ದಪ್ಪ ಸ್ಪಾಂಜಿನ ಮೇಲೆ ಇಟ್ಟು ಓಡಿಸಿ. ಬಾಯಿ ನೀರೊಳಗೇ ಇರ್ಲಿ. ಅಮ್ಮನ ರೂಮಿಂದ ಕೇಳಿ. ಕೇಳುವುದಿಲ್ಲ ಅಂತಾದ್ರೆ ತಪ್ಪು ಪ್ಲಂಬಿಂಗಿನದ್ದು. ಬಕೆಟಲ್ಲೂ ಗುಂಯ್ ಅಂದ್ರೆ ಪಂಪಿನದ್ದು.

ನನಗೆ ಸಂಶಯ ಇರುವುದು ಕ್ಯಾಬಿನೆಟ್ ಮೇಲೆ. ಗಟ್ಟಿ ಯುಪಿವಿಸಿ ಪೈಪು ನೇರ ಪಂಪಿಗೆ ಕೂತು, ಮೇಲೆ ಹೋಗುವಾಗ ಪ್ಲೈವುಡ್ಡಿಗೋ ಗೋಡೆಗೋ ಒರಗಿದ್ರೆ ಇಡೀ ಕ್ಯಾಬಿನೆಟ್ ವೀಣೆಯ ಬುರುಡೆಯ ಹಾಗೆ ಆ ನಡುಕವನ್ನು ದೊಡ್ಡದು ಮಾಡ್ತದೆ. ನಮ್ಮಲ್ಲಿ ಕರೆಂಟು 50 ಹರ್ಟ್ಸ್, ಎಸಿ ಪಂಪಿನ ಗುಂಯ್ ಬರುವುದು ಅದ್ರ ಎರಡರಷ್ಟು, 100 ಹರ್ಟ್ಸಿನ ಸುತ್ತ, ಅಷ್ಟು ತಗ್ಗು ಸದ್ದು ಗೋಡೆ ದಾಟಿ ಹೋಗ್ಲಿಕ್ಕೆ ಏನೂ ಕಷ್ಟ ಇಲ್ಲ. ಪಂಪಿನ ಬಾಯಿಗೂ ಗಟ್ಟಿ ಪೈಪಿಗೂ ನಡುವೆ ಒಂದು ಗೇಣು ಮೆತ್ತಗಿನ ಸಿಲಿಕಾನ್ ಹೋಸ್ ಹಾಕಿ, ಕ್ಲ್ಯಾಂಪ್ ಪ್ಲಾಸ್ಟಿಕ್‌ನದ್ದೇ ಇರ್ಲಿ, ಸ್ಟೀಲಿನದ್ದು ಅಂತ ಕೊಡುವುದೂ ತುಕ್ಕು ಹಿಡೀತದೆ. ಪಂಪಿನ ಅಡಿಗೆ ಸಿಲಿಕಾನ್ ಮ್ಯಾಟ್. ಪೈಪು ಎಲ್ಲಿ ಮರ ಮುಟ್ತದೋ ಅಲ್ಲಿ ತೂತು ದೊಡ್ಡದು ಮಾಡಿ ಫೋಮ್ ಸುತ್ತಿ.

ಡ್ರೈನ್ ಯಾವ ನಮೂನೆ ಉಂಟು ಅಂತ ನೀವು ಹೇಳ್ಲಿಲ್ಲ. ಹರ್ಬಿ ಆದ್ರೆ, ಅಂದ್ರೆ ಒಂದು ಪೈಪು ಪೂರ್ತಿ ನೀರು ತುಂಬಿ ಇಳಿದು ಇನ್ನೊಂದು ಎಮರ್ಜೆನ್ಸಿಗೆ ಇರುವುದು, ಅದ್ರಲ್ಲಿ ಗೇಟ್ ವಾಲ್ವ್ ಪಂಪಿನ ನೀರಿಗೆ ಸರಿಯಾಗಿ ಹೊಂದಿಸಿರ್ಬೇಕು. ಪಂಪಿಗೆ ಸುಣ್ಣ ಕಟ್ಟಿ ನೀರು ಕಮ್ಮಿ ಆದ್ರೆ ಡ್ರೈನಿಗೆ ನೀರು ಸಾಲದೆ ಗಾಳಿ ಎಳೀತದೆ, ಗಳಗಳ ಅಂತ ಶುರು. ನನ್ನ ಟ್ಯಾಂಕಲ್ಲಿ ಡ್ರೈನ್ ಸದ್ದು ಮಾಡಿದ್ರೆ ನಾನು ವಾಲ್ವ್ ಮುಟ್ಟುವುದಿಲ್ಲ, ಮೊದಲು ಪಂಪ್ ತೊಳೀತೇನೆ, ಹೆಚ್ಚಾಗಿ ಅಲ್ಲಿಗೆ ಸರಿಯಾಗ್ತದೆ.

ಇನ್ನು ಸೆಖೆ. ಪಂಪು ನೀರೊಳಗೇ ಇದ್ರೆ ಅದು ತಿನ್ನುವ ಕರೆಂಟು ಹೆಚ್ಚುಕಮ್ಮಿ ಎಲ್ಲ ಬಿಸಿಯಾಗಿ ನೀರಿಗೇ ಹೋಗುವುದು. ನಮ್ಮ ಮಂಗಳೂರಿನ ಏಪ್ರಿಲ್‌ನಲ್ಲಿ 80 ವ್ಯಾಟಿಗೂ 30 ವ್ಯಾಟಿಗೂ ವ್ಯತ್ಯಾಸ ಚಿಲ್ಲರ್ ಬಿಲ್ಲಲ್ಲಿ ಕಾಣ್ತದೆ, ಬೆಂಗಳೂರಲ್ಲಿ ನಿಮಗೆ ಅಷ್ಟು ತೊಂದ್ರೆ ಇರ್ಲಿಕ್ಕಿಲ್ಲ. ನಾನು ಡಿಸಿಗೆ ಬಂದದ್ದು ಮುಖ್ಯವಾಗಿ ಅದಕ್ಕೇ.

ಉಪ್ಪುನೀರು_ಬೆಂಗ್ಳೂರು:

ತುಂಬಾ ಥ್ಯಾಂಕ್ಸ್ ಎಲ್ರಿಗೂ, ಇಷ್ಟು ಬಿಡಿಸಿ ಯಾರೂ ಹೇಳಿರ್ಲಿಲ್ಲ. ಶನಿವಾರ ಎಲ್ಲಾ ಮಾಡಿ ನೋಡ್ತೀನಿ. ಡ್ರೈನ್ ಹರ್ಬಿನೇ, ಮನೆ ಯುಪಿಎಸ್ ಸೈನ್ ವೇವ್, 150 ಎಎಚ್ ಬ್ಯಾಟ್ರಿ ಒಂದು. ರಿಟರ್ನ್ ಪೈಪ್ ಮುಕ್ಕಾಲು ಇಂಚು, ಎಲ್ಬೋ 4 ಇದೆ.

@ಕುಡ್ಲದ_ಕಡಲು ಸರ್, ನಿಮ್ಮ ಡಿಸಿ ಕಂಟ್ರೋಲರ್ ಹೇಗಿದೆ? ಡಿಸಿ ಪಂಪ್ ಸೈಲೆಂಟ್ ಆದ್ರೆ ಕಂಟ್ರೋಲರ್ ಬೇಗ ಹೋಗುತ್ತೆ ಅಂತ ಇಬ್ರು ಹೇಳಿದ್ರು. ಮತ್ತೆ ನನ್ನ ಕಸಿನ್ ಅಮೆರಿಕಾದಿಂದ ಬರ್ತಿದ್ದಾನೆ, ಅವನ ಹತ್ರ ತರಿಸ್ಲಾ?

ಜರ್ಸಿ_ಕನ್ನಡಿಗ:

ಅಮೆರಿಕಾದಿಂದ ಎಸಿ ಪಂಪ್ ಮಾತ್ರ ದಯವಿಟ್ಟು ತರಿಸ್ಬೇಡಿ. ಇಲ್ಲಿ ಮಾರೋದು 120 ವೋಲ್ಟ್, 60 ಹರ್ಟ್ಸ್‌ದು. ಟ್ರಾನ್ಸ್‌ಫಾರ್ಮರ್ ಹಾಕಿ ವೋಲ್ಟೇಜ್ ಇಳಿಸಿದ್ರೂ ಹರ್ಟ್ಸ್ ಬದಲಾಗಲ್ಲ, ಎಸಿ ಪಂಪಿನ ವೇಗ ಹರ್ಟ್ಸ್ ಮೇಲೇ ನಿಂತಿರೋದು, ಹಾಗಾಗಿ 50ರಲ್ಲಿ ನಿಧಾನ ಆಗುತ್ತೆ, ಬಿಸಿ ಆಗುತ್ತೆ, ನೀರೂ ಕಡಿಮೆ. ಇಲ್ಲಿನ ರಿವ್ಯೂ ನೋಡಿ ಲೆಕ್ಕ ಹಾಕುವಾಗ್ಲೂ ಇದನ್ನ ನೆನಪಿಟ್ಕೊಳ್ಳಿ, ಒಂದೇ ಹೆಸರಿನ ಪಂಪಿಗೆ ಇಲ್ಲಿ ಕೊಡೋ ನಂಬರ್ರೇ ಬೇರೆ, ಅದೂ ಗ್ಯಾಲನ್‌ನಲ್ಲಿ, ಒಂದು ಅಮೆರಿಕನ್ ಗ್ಯಾಲನ್ ಅಂದ್ರೆ 3.785 ಲೀಟರ್.

ಡಿಸಿ ಆದ್ರೆ ಪಂಪಿಗೆ ಹೋಗೋದು 24 ವೋಲ್ಟ್ ಥರ, ಅಡಾಪ್ಟರ್ ಮೇಲೆ 100-240 ವೋಲ್ಟ್, 50/60 ಹರ್ಟ್ಸ್ ಅಂತ ಬರೆದಿದ್ರೆ ಅಲ್ಲೂ ನಡೆಯುತ್ತೆ. ನಾನು ಬಳಸೋದು ಇಕೋಟೆಕ್ ವೆಕ್ಟ್ರಾ, ರಾತ್ರಿ ಟ್ಯಾಂಕ್ ಪಕ್ಕ ಕೂತ್ರೂ ಸದ್ದಿಲ್ಲ. ಆದ್ರೆ ನಿಮ್ಮ ಬಜೆಟ್‌ಗೆ ಅದು ಬರಲ್ಲ, ಮತ್ತೆ ವಾರಂಟಿ ಅಲ್ಲಿ ಸಿಗುತ್ತಾ ಅನ್ನೋದು ಬೆಲೆಗಿಂತ ದೊಡ್ಡ ಪ್ರಶ್ನೆ. ಪಂಪ್ ಅನ್ನೋದು ಯಾವತ್ತೋ ಒಂದಿನ ಕೆಡೋ ವಸ್ತು, ಅವತ್ತು ನಿಮ್ಮ ಊರಲ್ಲೇ ಕಂಟ್ರೋಲರ್, ಅಡಾಪ್ಟರ್, ರೋಟರ್ ಸಿಗ್ಬೇಕು. ಹುಬ್ಬಳ್ಳಿಯವರು ಹೇಳಿದ್ದು ನೂರಕ್ಕೆ ನೂರು ಸರಿ. ಅಲ್ಲೇ ತಗೊಳ್ಳಿ.

ಕುಡ್ಲದ_ಕಡಲು:

ಕಂಟ್ರೋಲರ್ ಹೋಗುವುದು ನಿಜ, ಡಿಸಿಯ ದುರ್ಬಲ ಜಾಗ ಅದೇ, ನೀರೊಳಗಿನ ಮೋಟರ್ ಸಾಮಾನ್ಯ ಹೋಗುವುದಿಲ್ಲ. ಆದ್ರೆ ಹೆಚ್ಚಿನವರು ಅದನ್ನು ಸಂಪಿನ ಮೇಲೇ ಕ್ಯಾಬಿನೆಟಿನೊಳಗೆ ಸ್ಕ್ರೂ ಮಾಡ್ತಾರೆ, ಉಪ್ಪಿನ ಹಬೆ ಹೊಡೆದು ಕನೆಕ್ಟರ್ ಹಸಿರು ಆಗ್ತದೆ. ನನ್ನದು ಕ್ಯಾಬಿನೆಟಿನ ಹೊರಗೆ ಉಂಟು, ವಯರು ಕೆಳಗೆ ಇಳಿದು ಮತ್ತೆ ಮೇಲೆ ಬರುವ ಹಾಗೆ ಬಿಟ್ಟಿದ್ದೇನೆ, ವಯರ್ ಹಿಡಿದು ನೀರು ಹನಿ ಇಳಿದ್ರೂ ಪ್ಲಗ್ ತನಕ ಹೋಗುವುದಿಲ್ಲ. ತಗೊಳ್ಳುವಾಗ ಅಂಗಡಿಯಲ್ಲೇ ಓಡಿಸಿ ಪ್ಲಗ್ ಎಳೆದು ಮತ್ತೆ ಹಾಕಿ ನೋಡಿ, ಮೊದಲಿನ ಸ್ಪೀಡಿಗೇ ತಾನಾಗಿ ಬರ್ಬೇಕು. ಬಟನ್ ಒತ್ತಿದ್ರೆ ಮಾತ್ರ ಸ್ಟಾರ್ಟ್ ಆಗುವುದಾದ್ರೆ ಅದು ನಮ್ಮ ಊರಿಗೆ ಬೇಡವೇ ಬೇಡ. ಫುಲ್ ಸ್ಪೀಡಲ್ಲಿ ಓಡಿಸುವ ಲೆಕ್ಕದಲ್ಲೂ ತಗೊಳ್ಬೇಡಿ, 60-70 ಪರ್ಸೆಂಟಲ್ಲಿ ನಿಮ್ಮ ನೀರು ಸಿಗುವ ಹಾಗೆ ಒಂದು ಸೈಜು ದೊಡ್ಡದು ನೋಡಿ, ಆ ಸ್ಪೀಡಲ್ಲೇ ಅದು ಸೈಲೆಂಟ್.

ಹುಬ್ಬಳ್ಳಿ_ಹವಳ:

ಯುಪಿಎಸ್ ಮ್ಯಾಲೆ ರಿಟರ್ನ್ ಪಂಪ್ ಹಾಕೂಕಿಂತ ಮೊದಲ ಒಂದು ವೇವ್‌ಮೇಕರ್ ಹಾಕ್ರಿ. ಕರೆಂಟ್ ಹೋದಾಗ ಮೀನಿಗೆ ಬೇಕಾಗೂದು ಆಕ್ಸಿಜನ್, ನೀರಿನ ಮ್ಯಾಲ್ಮೈ ಅಲ್ಲಾಡಿದ್ರ ಸಾಕು, ಅದಕ 10 ವ್ಯಾಟಿನ ವೇವ್‌ಮೇಕರ್ ನಡೀತೈತಿ. ಫ್ಯಾನ್ ಲೈಟ್ ಎಲ್ಲಾ ಅದ ಬ್ಯಾಟ್ರಿ ಮ್ಯಾಲೆ ಇದ್ರ ಇದು ಭಾಳ ಮುಖ್ಯ. ಆಮ್ಯಾಲೆ ಆ ಲೈನಿಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರ ತಾನ ಕಟ್ ಮಾಡೂ ಸ್ವಿಚ್) ಐತೇನ ಅಂತ ಎಲೆಕ್ಟ್ರಿಷಿಯನ್ ಕಡೆ ಒಮ್ಮೆ ನೋಡಸ್ರಿ, ಯುಪಿಎಸ್ ಲೈನ್ ಭಾಳ ಮನಿಯಾಗ ಅದರ ಹೊರಗ ಉಳದಿರತೈತಿ. ಉಪ್ಪುನೀರಾಗ ದಿನಾ ಕೈ ಹಾಕೋರು ನಾವು.

ಉಪ್ಪುನೀರು_ಬೆಂಗ್ಳೂರು:

ಶನಿವಾರದ ವರದಿ. ಬಕೆಟ್ ಅಳತೆಯಲ್ಲಿ 10 ಲೀಟರ್ ತುಂಬೋಕೆ 30 ಸೆಕೆಂಡ್, ಅಂದ್ರೆ ಗಂಟೆಗೆ ಬರೀ 1200! ಬಾಕ್ಸ್ ಮೇಲೆ 3000. ಆಮೇಲೆ ಪಂಪ್ ಬಿಚ್ಚಿ ಸ್ಪಾಂಜ್ ಮೇಲಿಟ್ಟು ಓಡಿಸಿದ್ರೆ ಅಮ್ಮನ ರೂಮಲ್ಲಿ ಹೆಚ್ಚುಕಮ್ಮಿ ಏನೂ ಕೇಳ್ಲಿಲ್ಲ, ಅಮ್ಮನೇ ಬಂದು ಆಫ್ ಮಾಡಿದ್ಯಾ ಅಂತ ಕೇಳಿದ್ರು. ಕ್ಯಾಬಿನೆಟ್ ಹಿಂದೆ ಟಾರ್ಚ್ ಬಿಟ್ಟು ನೋಡಿದ್ರೆ ಪೈಪು ಪ್ಲೈವುಡ್ ತೂತಿಗೆ ಬಿಗಿಯಾಗಿ ಸಿಕ್ಕಿಕೊಂಡಿದೆ, ಆ ಜಾಗದಲ್ಲಿ ಮರ ಉಜ್ಜಿ ಹೊಳೀತಿದೆ, ಬೆರಳಿಟ್ರೆ ನಡುಕ ಗೊತ್ತಾಗುತ್ತೆ. ತೂತು ಅಗಲ ಮಾಡಿ ಫೋಮ್ ಇಟ್ಟು ಹೋಸ್ ತುಂಡು ಹಾಕಿದ್ಮೇಲೆ ಆ ಗುಂಯ್ ಹೋಯ್ತು, ನಿಜವಾಗ್ಲೂ ಹೋಯ್ತು.

ಆದ್ರೆ ರೋಟರ್ ತೆಗೆದಾಗ ಶಾಫ್ಟ್ ಸ್ಟೀಲ್, ತುದಿಯಲ್ಲಿ ಕಂದು ಬಣ್ಣ. ಹಾಗಾಗಿ ಪಂಪ್ ಬದಲಾಯಿಸೋದು ಖಂಡಿತ. ಡಿಸಿನೇ ಅಂತ ಮನಸು ಮಾಡಿದೀನಿ. 80 ವ್ಯಾಟಿನ ಪಂಪು ತಿಂಗಳಿಗೆ ಸುಮಾರು 58 ಯೂನಿಟ್ ತಗೊಳ್ಳುತ್ತೆ, ಡಿಸಿ 25 ವ್ಯಾಟಲ್ಲಿ ಓಡಿದ್ರೆ 18 ಯೂನಿಟ್, ಯೂನಿಟ್‌ಗೆ 7 ರೂಪಾಯಿ ಹಿಡಿದ್ರೂ ತಿಂಗಳಿಗೆ 280 ಉಳಿಯುತ್ತೆ, ಒಂದು ಸ್ಪೇರ್ ಕಂಟ್ರೋಲರ್‌ನ ದುಡ್ಡು ಅದ್ರಲ್ಲೇ ಬರುತ್ತೆ. ಇಲ್ಲೇ ಅಂಗಡಿಯಲ್ಲಿ ಕಂಟ್ರೋಲರ್ ಬೇರೆಯಾಗಿ ಕೊಡ್ತೀವಿ ಅಂದ್ರು, ಪ್ಲಗ್ ಎಳೆದು ಹಾಕಿ ತೋರಿಸಿ ಅಂದ್ರೆ ತೋರಿಸಿದ್ರು ಕೂಡ. ಹಳೇ ಪಂಪನ್ನ ಉಪ್ಪು ಕಲಸೋ ಡ್ರಮ್‌ಗೆ ಹಾಕ್ಬಹುದಾ?

ಚಾಮುಂಡಿ_ರೀಫ್:

ಬೇಡ, ಆ ಡ್ರಮ್ ನೀರೇ ತಾನೇ ಟ್ಯಾಂಕ್‌ಗೆ ಹೋಗೋದು. ಸಿಹಿನೀರಿನ ಮೀನು ಇಟ್ಟಿರೋ ಯಾರಿಗಾದ್ರೂ ಕೊಟ್ಬಿಡಿ, ಅಲ್ಲಿ ಅಷ್ಟು ತೊಂದ್ರೆ ಆಗಲ್ಲ.

ಪೈಪ್ ಹೇಗೂ ಬಿಚ್ಚಿದೀರಲ್ಲ, ಮುಕ್ಕಾಲು ಇಂಚು ತೆಗೆದು ಒಂದು ಇಂಚು ಹಾಕಿ, 90 ಡಿಗ್ರಿ ಎಲ್ಬೋ ಬದಲು ಆದಷ್ಟು 45 ಎರಡು ಬಳಸಿ, ಪಂಪ್ ಹತ್ರ ಒಂದು ಯೂನಿಯನ್ (ತಿರುಗಿಸಿ ಬಿಚ್ಚೋ ಜೋಡಣೆ) ಇರ್ಲಿ, ಇಲ್ಲಾಂದ್ರೆ ಪ್ರತೀಸಲ ತೊಳೆಯೋವಾಗ ಪೈಪ್ ಕತ್ತರಿಸ್ಬೇಕಾಗುತ್ತೆ. ಹೊಸ ಪಂಪಿನ ಸ್ಪೀಡ್ ಒಂದ್ಸಲ ಸೆಟ್ ಮಾಡಿ ಆಮೇಲೆ ಗೇಟ್ ವಾಲ್ವ್ ಹೊಂದಿಸಿ, ದಿನಾ ಸ್ಪೀಡ್ ಬದಲಾಯಿಸ್ತಾ ಇದ್ರೆ ಹರ್ಬಿ ಯಾವತ್ತೂ ಸುಮ್ಮನಾಗಲ್ಲ.

ಮತ್ತೆ ಒಂದು ವಿಷ್ಯ ಯಾರೂ ಹೇಳ್ಲಿಲ್ಲ. ಪಂಪ್ ನಿಂತಾಗ ಮೇಲಿನ ನೀರು ರಿಟರ್ನ್ ಪೈಪಲ್ಲೇ ವಾಪಸ್ ಸಂಪ್‌ಗೆ ಇಳಿಯುತ್ತೆ, ನಳಿಕೆ ಬಾಯಿ ಗಾಳಿಗೆ ಸಿಗೋವರೆಗೂ. ನಿಮ್ಮ ಟ್ಯಾಂಕ್ 4 ಅಡಿಗೆ 2 ಅಡಿ, ಮಟ್ಟ 1 ಸೆಂಟಿಮೀಟರ್ ಇಳಿದ್ರೆ ಸುಮಾರು 7.4 ಲೀಟರ್. ನಳಿಕೆ 5 ಸೆಂಟಿಮೀಟರ್ ಆಳದಲ್ಲಿದ್ರೆ 37 ಲೀಟರ್, ಓವರ್‌ಫ್ಲೋ ಪೈಪಲ್ಲಿರೋ ನೀರು ಬೇರೆ. ನಾನ್‌ರಿಟರ್ನ್ ವಾಲ್ವ್ ಹಾಕ್ತಾರೆ, ಒಂದು ಬಸವನ ಹುಳ ಸಿಕ್ಕಿಕೊಂಡ್ರೂ ಅದು ಮುಚ್ಚಲ್ಲ, ನಂಬ್ಬೇಡಿ. ನಳಿಕೆನ ಮೇಲ್ಮೈ ಹತ್ರಕ್ಕೆ ತಿರುಗಿಸಿ, ಗಾಳಿ ಹೊಕ್ಕು ಇಳಿಯೋದು ಬೇಗ ನಿಲ್ಲೋ ಹಾಗೆ ನೀರಿನ ಮಟ್ಟದ ಸ್ವಲ್ಪ ಕೆಳಗೆ ಪೈಪಿಗೆ ಒಂದು ಸಣ್ಣ ತೂತು ಕೊರೀರಿ, ಆ ತೂತಲ್ಲಿ ಪಾಚಿ ಕಟ್ಟದ ಹಾಗೆ ಗಾಜು ಒರೆಸುವಾಗೆಲ್ಲ ಉಜ್ಜಿ. ಆಮೇಲೆ ಪಂಪ್ ಆಫ್ ಮಾಡಿ, ಇಳಿಯೋ ನೀರೆಲ್ಲ ಇಳಿದು ನಿಲ್ಲೋವರೆಗೂ ಕಾದು ಸಂಪ್ ತುಂಬಿ ಚೆಲ್ಲಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ. ಮತ್ತೆ ಆನ್ ಮಾಡಿ ಸಂಪ್ ಮಟ್ಟ ಎಲ್ಲಿಗೆ ಬಂದು ನಿಲ್ಲುತ್ತೋ ಅಲ್ಲಿ ಗಾಜಿನ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೀರಿ. ಎಟಿಒ (ಆವಿಯಾದಷ್ಟು ನೀರನ್ನ ತಾನಾಗೇ ತುಂಬೋ ಸಾಧನ) ಸೆನ್ಸರ್ ಆ ಗೆರೆಗೇ ಕೂರಿಸಿ, ಅದಕ್ಕಿಂತ ಮೇಲೆ ನೀರು ತುಂಬ್ಬೇಡಿ.